ಚುಕ್ಕಿಬಾವಿಯ ಗಾಲಿ

ಬನ್ನಿ ಮಕ್ಕಳೇ, ಹತ್ತಿರ ಬನ್ನಿ. ಕಂಬಕ್ಕೆ ಒರಗುವವರು ಒರಗಿ, ಮಡಿಲು ಬೇಕಾದವರು ಮಡಿಲಿಗೆ ಬನ್ನಿ. ಕಡಲೆಕಾಯಿ ಸಿಪ್ಪೆ ಮಾತ್ರ ಚಾಪೆ ಮೇಲೆ ಚೆಲ್ಲಬೇಡಿ. ಕಣ್ಣು ಮುಚ್ಚಿಕೊಂಡು ಕೇಳಿದರೂ ನನಗೇನು ಬೇಜಾರಿಲ್ಲ. ಈ ಕಥೆ ಶುರುವಾದದ್ದೇ ಕಣ್ಣು ಮುಚ್ಚಿದಾಗ.

ಮುಗಿಲುಗುಡ್ಡ ಅಂತ ಒಂದು ರಾಜ್ಯ ಇತ್ತು. ಗುಡ್ಡದ ನೆತ್ತಿಯ ಮೇಲೆ ಊರು, ಊರಿನ ಕೆಳಗೆ ಮೋಡ. ಸಂಜೆ ಕುರಿ ಹೊಡೆದುಕೊಂಡು ಬಂದರೆ ಕುರಿಗಳ ನಡುವೆ ಒಂದೆರಡು ಮೋಡವೂ ಸೇರಿಕೊಂಡು ಹಟ್ಟಿಗೆ ಬಂದುಬಿಡುತ್ತಿತ್ತಂತೆ. ಬೆಳಿಗ್ಗೆ ಬಾಗಿಲು ತೆಗೆದು "ಹೋಗಿ ಹೋಗಿ" ಅಂತ ಕಳಿಸಬೇಕಾಗಿತ್ತಂತೆ. ಅಂಥ ಊರು.

ಆ ಊರಿಗೆಲ್ಲಾ ಒಂದೇ ಬಾವಿ. ಎಷ್ಟು ಆಳ ಅಂತೀರಿ? ಒಂದು ಕಲ್ಲು ಹಾಕಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ತುಟಿ ಕೆಂಪಾಗುವ ತನಕ ಕಾದರೆ ಆಗ ಕೇಳಿಸುತ್ತಿತ್ತು, "ಡುಬುಕ್!" ನಡುಮಧ್ಯಾಹ್ನ ಬಗ್ಗಿ ನೋಡಿದರೂ ತಳದಲ್ಲಿ ನಕ್ಷತ್ರ ಕಾಣುತ್ತಿದ್ದವು. ಅದಕ್ಕೇ ಅದನ್ನು ಚುಕ್ಕಿಬಾವಿ ಅನ್ನುತ್ತಿದ್ದರು.

ಆ ಬಾವಿಯಿಂದ ನೀರು ಸೇದುವುದು ಅಂದರೆ ಹುಡುಗಾಟವಲ್ಲ. ಕಟ್ಟೆಯ ಕಲ್ಲಿಗೆ ಹಗ್ಗ ಉಜ್ಜಿಕೊಂಡು, ಬಗ್ಗಿ ನಿಂತು, ಮೊಳ ಮೊಳವಾಗಿ ಮೇಲಕ್ಕೆ ಎಳೆಯಬೇಕು. ಎಳೆಯುವಾಗ ಹೆಂಗಸರು ಹಾಡಬೇಕು. ಹಾಡಿ ಕರೆದರೇ ಗಂಗೆ ಬರುತ್ತಾಳೆ ಅಂತ ಅವರ ಪದ್ಧತಿ. ಅರಮನೆಯ ತೊಟ್ಟಿಗೆ ಮನೆಗೊಬ್ಬರಂತೆ ದಿನಾ ಹನ್ನೆರಡು ಕೊಡ ಸೇದಿ ಹಾಕಬೇಕು. ಆಮೇಲೆ ತಮ್ಮ ಮನೆಗೆ.

ಸಾಕವ್ವ ಅಂತ ಒಬ್ಬಳಿದ್ದಳು. ಗಂಡ ಇಲ್ಲ. ಇದ್ದವಳು ಒಬ್ಬಳೇ ಮಗಳು, ಚೆಲುವಿ. ಹೆರಿಗೆಗೆ ಅಂತ ತವರಿಗೆ ಬಂದಿದ್ದಳು, ಏಳು ತಿಂಗಳು. ಮೂವತ್ತು ವರ್ಷದಿಂದ ನೀರು ಸೇದಿ ಸೇದಿ ಸಾಕವ್ವನ ಅಂಗೈ ನುಣ್ಣಗೆ ಸವೆದುಹೋಗಿತ್ತು. ಒಂದು ಸಲ ಕಣಿ ಹೇಳುವ ಕೊರವಂಜಿ ಬಂದು ಅವಳ ಕೈ ಹಿಡಿದು ನೋಡಿದಳು. ಹಿಂದೆ ತಿರುಗಿಸಿದಳು, ಮುಂದೆ ತಿರುಗಿಸಿದಳು.

"ನಿನ್ನ ಕೈಯಲ್ಲಿ ಗೆರೇನೇ ಇಲ್ವಲ್ಲ ತಾಯಿ, ನಾನು ಏನಂತ ಓದ್ಲಿ?" ಅಂದಳು.

"ಗೆರೆ ಎಲ್ಲಾ ಆ ಹಗ್ಗ ತಿಂದ್ಕೊಂಡು ಹೋಯ್ತು ಕಣವ್ವ. ಅದನ್ನೇ ಓದ್ಕೊ ಹೋಗು" ಅಂತ ಸಾಕವ್ವ ನಕ್ಕಳು.

ಆದರೆ ಆ ವರ್ಷ ನಗುವೂ ಬರಲಿಲ್ಲ. ಅಂಗೈ ಬಿರುಕು ಬಿಟ್ಟಿತು. ಹಗ್ಗಕ್ಕೆ ರಕ್ತ ಅಂಟತೊಡಗಿತು. ತನ್ನ ಕೈ ಸೋತರೆ ಹನ್ನೆರಡು ಕೊಡ ಯಾರು ಸೇದಬೇಕು? ಆ ಮನೆಯಲ್ಲಿ ಇನ್ನೊಬ್ಬಳೇ ಇರುವುದು. ಸಾಕವ್ವ ಮಗಳ ಹೊಟ್ಟೆ ನೋಡುವಳು, ತನ್ನ ಕೈ ನೋಡುವಳು.

ಒಂದು ಮಧ್ಯಾಹ್ನ ಬಾವಿಯ ಪಕ್ಕ ಹೊಂಗೆಮರದ ನೆರಳಲ್ಲಿ ಹಾಗೇ ಅಡ್ಡಾದಳು. ಗಾಳಿ ಮೆಲ್ಲಗೆ ಬಂತು. ಹೊಂಗೆಹೂವು ಒಂದೊಂದೇ ಮುಖದ ಮೇಲೆ ಬಿತ್ತು. ಕನಸು ಬಿತ್ತು.

ಕನಸಿನಲ್ಲಿ ಚಂದ್ರ ಬಂದ. ಹಾಡುಹಗಲೇ ಬಂದ. ಉರುಳಿಕೊಂಡು ಉರುಳಿಕೊಂಡು ಬಂದು ಬಾವಿಯ ಮೇಲೆ ಗಾಳಿಯಲ್ಲಿ ನಿಂತ. "ಸಾಕವ್ವ, ನನ್ನ ಬೆನ್ನ ಮೇಲೆ ಹಗ್ಗ ಹಾಕು" ಅಂದ. ಸಾಕವ್ವ ಹಾಕಿದಳು. "ಮೇಲಕ್ಕೆ ಎತ್ತಬೇಡ, ಕೆಳಕ್ಕೆ ಎಳಿ" ಅಂದ. ಎಳೆದಳು. ಚಂದ್ರ ಮೆಲ್ಲಗೆ ತಿರುಗಿದ. ಕೊಡ ಹೂವಿನ ಹಾಗೆ ತೇಲಿಕೊಂಡು ಮೇಲೆ ಬಂತು. ಅದರ ತುಂಬ ನಕ್ಷತ್ರ.

ಎದ್ದವಳೇ ಸೀದಾ ಬಡಗಿ ವೀರಾಚಾರಿಯ ಕೊಟ್ಟಿಗೆಗೆ ಹೋದಳು. ನೆಲದ ಮೇಲೆ ಕಡ್ಡಿಯಿಂದ ಚಂದ್ರನನ್ನು ಬರೆದಳು. ನಡುವೆ ಒಂದು ತೂತು, ಅಂಚಿನ ಸುತ್ತ ಹಗ್ಗ ಕೂರುವಷ್ಟು ಹಳ್ಳ.

ವೀರಾಚಾರಿ ತಲೆ ಕೆರೆದುಕೊಂಡ. "ಏನಕ್ಕಾ ಇದು? ಗಾಡಿಗೆ ಚಿಕ್ಕದು, ಮಕ್ಕಳಾಟಕ್ಕೆ ದೊಡ್ಡದು."

"ನನ್ನ ಕೈಗೆ ಸರಿಯಾಗಿದೆ ಕಣಣ್ಣ, ಮಾಡ್ಕೊಡು."

ಬಾವಿಯ ಎರಡು ಪಕ್ಕ ಎರಡು ಕವೆಗೋಲು ನೆಟ್ಟರು. ನಡುವೆ ಅಡ್ಡಗೋಲು ಇಟ್ಟು ಗಾಲಿ ತೂಗುಹಾಕಿದರು. ಸಾಕವ್ವ ಹಗ್ಗ ಹಾಯಿಸಿ ಎಳೆದಳು. ಕಲ್ಲಿಗೆ ಉಜ್ಜಲಿಲ್ಲ, ಸೊಂಟ ಬಗ್ಗಲಿಲ್ಲ. ಮೈಭಾರ ಬಿಟ್ಟರೆ ಸಾಕು, ಕೊಡ ತಾನಾಗಿ ಬಂತು. ಹನ್ನೆರಡು ಕೊಡ ಮುಗಿದಾಗ ಒಲೆಯ ಮೇಲಿಟ್ಟ ಅನ್ನ ಇನ್ನೂ ಬೆಂದಿರಲಿಲ್ಲ.

ಗಾಲಿ ಮಾತ್ರ ಸ್ವಲ್ಪ ಕೂಗಿತು. "ಕಿರ್ರ್ರ್... ಕಿರ್ರ್ರ್..."

ಆ ಕೂಗು ಯಾರ ಕಿವಿಗೆ ಬಿತ್ತು ಗೊತ್ತೇ? ಹಗ್ಗದ ಪಾರುಪತ್ತೇಗಾರ ಉಗ್ರಪ್ಪನ ಕಿವಿಗೆ. ಊರಿಗೆಲ್ಲಾ ಹಗ್ಗ ಕೊಡುವವನು ಅವನೇ. ಕಲ್ಲಿಗೆ ಉಜ್ಜಿ ಉಜ್ಜಿ ತಿಂಗಳಿಗೊಂದು ಹಗ್ಗ ಹರಿಯುತ್ತಿತ್ತು. ಹರಿದಾಗಲೆಲ್ಲಾ ಅವನ ಕಣಜಕ್ಕೆ ಒಂದು ಕೊಳಗ ರಾಗಿ ಸುರಿಯಬೇಕು. ಅವನು ಬಂದು ಗಾಲಿ ನೋಡಿದ. ಹಗ್ಗ ನೋಡಿದ. ಹಗ್ಗ ಹೊಸ ಮದುಮಗಳ ಜಡೆಯ ಹಾಗೆ ಮಿರಮಿರ ಅನ್ನುತ್ತಿತ್ತು. ಇನ್ನು ತಿಂಗಳ ರಾಗಿ ಎಲ್ಲಿಂದ ಬರಬೇಕು?

"ಸಾಕವ್ವಾ, ಏನಿದು ಅಪಶಕುನದ ಕಿರುಚಾಟ? ಗಂಗೆಯ ಕಿವಿ ನೋಯಲ್ವಾ? ಮುನಿಸ್ಕೊಂಡು ಬಾವಿ ಬತ್ತಿಸಿಬಿಟ್ರೆ?" ಅಂದವನೇ ಗಾಲಿ ಬಿಚ್ಚಿಕೊಂಡು ಹೋಗಿ ತನ್ನ ಅಟ್ಟದ ಮೇಲೆ ಎಸೆದ.

ಸಾಕವ್ವ ಯೋಚನೆ ಮಾಡಿದಳು. ಹೌದಲ್ಲ, ಕಿರುಚಬಾರದು. ಇನ್ನೊಂದು ಗಾಲಿ ಮಾಡಿಸಿದಳು, ಅದಕ್ಕೆ ಹರಳೆಣ್ಣೆ ಕುಡಿಸಿದಳು. ಗಾಲಿ ಉಸಿರೆತ್ತದೆ ತಿರುಗಿತು.

ಉಗ್ರಪ್ಪ ಬಂದ. "ಏನೇ ಇದು? ಸದ್ದಿಲ್ಲ, ಸುದ್ದಿಯಿಲ್ಲ! ಗಂಗೆಗೆ ಒಂದು ಮಾತು ಹೇಳ್ದೆ ಕದ್ದು ತಂದಂಗಾಯ್ತಲ್ಲ!" ಎರಡನೇ ಗಾಲಿಯೂ ಅಟ್ಟಕ್ಕೆ ಹೋಯಿತು.

ಸಾಕವ್ವ ಮತ್ತೆ ಯೋಚನೆ ಮಾಡಿದಳು. ಹೇಳಬೇಕು, ಅಷ್ಟೇ ತಾನೇ? ಮೂರನೇ ಗಾಲಿ ಮಾಡಿಸಿದಳು. ಎಣ್ಣೆಯನ್ನೂ ಹಾಕಿದಳು, ಹಾಡನ್ನೂ ಹಾಡಿದಳು.

*ಮೆಲ್ಲ ಬಾ ಗಂಗವ್ವ, ಮೆಟ್ಟಿಲಿಲ್ಲದ ಮನೆಯಿಂದ,*
*ಗಾಲಿ ತೊಟ್ಟಿಲ ತೂಗೀವಿ, ನಿದ್ದೆಗಣ್ಣಲ್ಲೆ ಬಾರವ್ವ.*

ಉಗ್ರಪ್ಪ ಮೂರನೇ ಸಲ ಬಂದ. ಕಿರುಚಾಟ ಇಲ್ಲ, ಕಳ್ಳತನ ಇಲ್ಲ. ಏನು ಹೇಳುವುದು? ಸುತ್ತ ನೋಡಿದ. ಸಾಕವ್ವನ ಹಣೆ ನೋಡಿದ. "ಬೆವರೆಲ್ಲಿ?" ಅಂತ ಗುಡುಗಿದ. "ಬೆವರು ಸುರಿಸದೆ ಬಂದ ನೀರು ಗಂಗೆಯೇ ಅಲ್ಲ. ಅದನ್ನ ಕುಡಿಯೋದು ಪಾಪ! ನಾಳೆಯಿಂದ ಹಳೇ ಥರಾನೇ ಸೇದು. ಕೈಲಾಗಲ್ಲ ಅಂದ್ರೆ ಮಗಳನ್ನ ಕಳಿಸು."

ಮೂರು ಗಾಲಿಯೂ ಅಟ್ಟ ಸೇರಿದವು. ಕವೆಗೋಲು ಎರಡು ಬರಿದೇ ನಿಂತವು, ಅವುಗಳ ಮೇಲೆ ಕಾಗೆ ಕೂತಿತು.

ಚೆಲುವಿ ಸೊಂಟಕ್ಕೆ ಕೈ ಕೊಟ್ಟುಕೊಂಡು ಎದ್ದಳು. "ಬಿಡವ್ವ, ನಾಳೆ ನಾನೇ ಸೇದ್ತೀನಿ. ನಿನ್ನ ಕೈ ನೋಡಕ್ಕಾಗ್ತಿಲ್ಲ."

"ಸುಮ್ನೆ ಕೂತ್ಕೊ. ನಿನ್ನ ಕೂಸು ಗೆರೆ ಇರೋ ಕೈ ಪಡ್ಕೊಂಡೇ ಹುಟ್ಟಬೇಕು" ಅಂತ ಸಾಕವ್ವ ಸೆರಗು ಸಿಕ್ಕಿಸಿ ಅರಮನೆಗೆ ನಡೆದಳು.

ಮುಗಿಲುಗುಡ್ಡದ ರಾಜ ಕೆಟ್ಟವನಲ್ಲ. ಸ್ವಲ್ಪ ನಿದ್ದೆಗಣ್ಣು, ಅಷ್ಟೆ. ಮೆತ್ತೆಯ ಮೇಲೆ ಕೂತು ಮೋಡ ನೋಡುತ್ತಿದ್ದ. ಕುದುರೆಯಂಥ ಮೋಡ ಬಂದರೆ ಮಂತ್ರಿಗೆ ತೋರಿಸುತ್ತಿದ್ದ. ಸಾಕವ್ವ ಕೈಯನ್ನು ಅವನ ಮುಂದೆ ಚಾಚಿದಳು. ನಡೆದದ್ದೆಲ್ಲಾ ಹೇಳಿದಳು. ರಾಜ ಉಗ್ರಪ್ಪನನ್ನು ಕರೆಸಿದ.

ಸಾಕವ್ವ ಕೇಳಿದಳು, "ಪಾರುಪತ್ತೇಗಾರರೇ, ಬೆವರಿಲ್ಲದೆ ಬಂದ ನೀರು ಗಂಗೆ ಅಲ್ಲ, ನಿಜವಾ?"

"ನಿಜ."

"ಅದನ್ನ ಕುಡಿಯೋದು ಪಾಪ, ನಿಜವಾ?"

"ನಿಜ."

"ಬಡವರಿಗಾದ್ರೂ ದೊಡ್ಡವರಿಗಾದ್ರೂ ಒಂದೇ ಪಾಪ, ನಿಜವಾ?"

ಉಗ್ರಪ್ಪ ಎದೆ ಉಬ್ಬಿಸಿದ. "ನಿಜ, ನಿಜ, ನಿಜ! ಗಂಗೆಯ ಮುಂದೆ ದೊಡ್ಡವರು ಚಿಕ್ಕವರು ಅಂತ ಉಂಟೇ?"

ಸಾಕವ್ವ ರಾಜನ ಕಡೆಗೆ ತಿರುಗಿದಳು. "ಸ್ವಾಮಿ, ಹಂಗಾದ್ರೆ ಇಷ್ಟು ದಿನ ನೀವು ಬೆವರದೇನೇ, ನಾವು ಬೆವರಿದ ನೀರನ್ನ ನಿಮಗೆ ಕುಡಿಸಿ ನಿಮ್ಮ ತಲೆಗೆ ಪಾಪ ಕಟ್ಟಿಬಿಟ್ವಿ. ತಪ್ಪಾಯ್ತು. ಇನ್ನು ಮೂರು ದಿನ ಬಸುರಿ, ಬಾಣಂತಿ, ಕೂಸು, ಏಳಲಾರದ ಮುದುಕರು, ಇವರನ್ನ ಬಿಟ್ಟು ಮಿಕ್ಕವರೆಲ್ಲಾ ತಮ್ಮ ಬೆವರಿನ ನೀರನ್ನ ತಾವೇ ಸೇದಿ ಕುಡೀಲಿ. ಮೂರನೇ ದಿನ ಮಧ್ಯಾಹ್ನ ಊರೆಲ್ಲಾ ಉಂಡು ಮಲಗಲಿ ಅಂತ ಅಪ್ಪಣೆ ಕೊಡಿ. ಆಮೇಲೆ ಗಂಗೆಯೇ ನ್ಯಾಯ ಹೇಳ್ತಾಳೆ."

ರಾಜನಿಗೆ ಮಲಗುವ ಮಾತು ಹಿಡಿಸಿತು. "ಆಗಲಿ" ಅಂದ. ಊರ ತುಂಬ ಡಂಗುರ ಸಾರಿದರು.

ಮೊದಲನೇ ದಿನ ರಾಜನೇ ಬಾವಿಗೆ ಬಂದ. ಕಿರೀಟ ಕಟ್ಟೆಯ ಮೇಲಿಟ್ಟ. ಎಳೆದ, ಎಳೆದ, ಎಳೆದ. ಅರ್ಧ ಕೊಡ ಬರುವ ಹೊತ್ತಿಗೆ ಮುಖ ಮಾಗಿದ ಮೆಣಸಿನಕಾಯಿ ಆಯಿತು. ಕೂತುಬಿಟ್ಟ. "ಅಯ್ಯೋ, ಇಷ್ಟು ಭಾರದ್ದನ್ನಾ ನಾನು ಇಷ್ಟು ವರ್ಷ ಕುಡಿದದ್ದು?" ಅಂದ. ಹೆಂಗಸರು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರು. ಉಗ್ರಪ್ಪ ಮಾತ್ರ ಬಾವಿಯ ಕಡೆ ಸುಳಿಯಲಿಲ್ಲ. "ನನಗಿವತ್ತು ಉಪವಾಸ, ನೀರೂ ಮುಟ್ಟಲ್ಲ" ಅಂದ.

ಎರಡನೇ ದಿನ ಉಗ್ರಪ್ಪನ ಗಂಟಲು ಒಣಗಿತು. ಮಜ್ಜಿಗೆ ಚೆಂಬಿಗೆ ಕೈ ಹಾಕಿದ. ಹೆಂಡತಿ ಚೆಂಬು ಎಳೆದುಕೊಂಡಳು. "ಅದಕ್ಕೆ ಬೆರೆಸಿರೋದು ನನ್ನ ಬೆವರಿನ ನೀರು ಕಣ್ರಿ. ನಿಮಗೆ ಪಾಪ ಬರುತ್ತೆ!" ಸಿಟ್ಟಿನಿಂದ ಬಾವಿಗೆ ಹೋದ. ಹತ್ತು ಮೊಳ ಎಳೆದ. ಹಗ್ಗ ಜಾರಿತು. ಬೆಣ್ಣೆಯಂಥ ಅಂಗೈ ಸುಲಿದುಹೋಯಿತು. ಕೊಡ ತಳ ಸೇರಿತು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಳೆದ ಮೇಲೆ "ಡುಬುಕ್!"

ಮೂರನೇ ದಿನ. ಮಧ್ಯಾಹ್ನ. ಊರೆಲ್ಲಾ ಉಂಡು ಜಗಲಿಯ ಮೇಲೆ ಮಲಗಿತ್ತು. ನಾಯಿ ಮಲಗಿತ್ತು, ಕೋಳಿ ಮಲಗಿತ್ತು, ಮೋಡಗಳು ಬೇಲಿಗೆ ಒರಗಿ ಮಲಗಿದ್ದವು. ಸಾಕವ್ವ ಮಾತ್ರ ಕಣ್ಣು ಮುಚ್ಚಿ ಕಿವಿ ತೆರೆದಿದ್ದಳು.

ಉಗ್ರಪ್ಪ ಅಟ್ಟ ಹತ್ತಿದ. ಎಣ್ಣೆ ಹಚ್ಚಿದ ಗಾಲಿಯನ್ನೇ ಹುಡುಕಿದ, ಅವನೇನು ದಡ್ಡನೇ? ಕಪ್ಪಗೆ ಕಲೆಯಾಗಿದ್ದನ್ನು ಆರಿಸಿಕೊಂಡ. ಆದರೆ ಅವನು ಒಂದು ಮಾತು ಮರೆತ. ಹರಳೆಣ್ಣೆ ಹಚ್ಚಿದ್ದನ್ನು ಅಟ್ಟದ ಮೇಲೆ ಎಸೆದರೆ ಇಲಿ ಬಿಡುತ್ತದೆಯೇ? ನೆಕ್ಕಿ ನೆಕ್ಕಿ ಒಣಗಿಸಿಟ್ಟಿದ್ದವು. ಸಾಕವ್ವನಿಗೆ ಅದು ಗೊತ್ತಿತ್ತು. ಕೂಸಿನ ನೆತ್ತಿಯ ಹಾಗೆ, ಗಾಲಿಗೂ ಆಗಾಗ ಎಣ್ಣೆ ಬೇಕು.

ಮೇಲುಹೊದಿಕೆಯಲ್ಲಿ ಗಾಲಿ ಸುತ್ತಿಕೊಂಡು, ಬೆಕ್ಕಿನ ಹೆಜ್ಜೆ ಇಟ್ಟು ಬಂದು ಕವೆಗೋಲಿಗೆ ಸಿಕ್ಕಿಸಿದ. ಹಗ್ಗ ಹಾಯಿಸಿದ. ಕೊಡ ಇಳಿಬಿಟ್ಟು ಎಳೆದ.

"ಕಿರ್ರ್ರ್... ಕಿರ್ರ್ರ್... ಕಿರ್ರ್ರ್..."

ಆ ಮೌನದಲ್ಲಿ ಸದ್ದು ಗುಡ್ಡದಿಂದ ಗುಡ್ಡಕ್ಕೆ ಹೋಯಿತು. ಜಗಲಿಗಳು ಎದ್ದು ಕೂತವು. ಒಬ್ಬೊಬ್ಬರೇ, ಮಾತಿಲ್ಲದೆ, ಬರಿಗಾಲಲ್ಲಿ ಬಾವಿಯ ಕಡೆ ಬಂದರು. ರಾಜನೂ ಬಂದ, ಕೆನ್ನೆಯ ಮೇಲೆ ದಿಂಬಿನ ಗೆರೆ ಹಾಗೇ ಇತ್ತು. ಬಾಯಾರಿದವನಿಗೆ ಹಿಂದೆ ಯಾರು ನಿಂತರೆ ಏನು? ಉಗ್ರಪ್ಪ ಸದ್ದನ್ನೂ ಮರೆತು, ಕೊಡ ಎತ್ತಿ ಗಟಗಟ ಕುಡಿಯುತ್ತಲೇ ಇದ್ದ. ಕೊಡ ಇಳಿಸಿದರೆ ಸುತ್ತ ಊರು.

ರಾಜ ಒಂದು ಬೆರಳು ಚಾಚಿ ಅವನ ಹಣೆ ಮುಟ್ಟಿದ. ಒಣಗಿದ ಹಪ್ಪಳದ ಹಾಗಿತ್ತು. "ಬೆವರೆಲ್ಲಿ ಉಗ್ರಪ್ಪ?"

ಉಗ್ರಪ್ಪ ಮೇಲುಹೊದಿಕೆಯಿಂದ ಗಾಲಿಯನ್ನು ಮುಚ್ಚಲು ಹೋದ. ರಾಜ ಬಿಡಲಿಲ್ಲ.

"ಗಾಲಿ ಕಿರುಚ್ತಲ್ಲ, ಗಂಗೆಯ ಕಿವಿ ನೋಯ್ತಾ? ಬಗ್ಗಿ ನೋಡು."

ಬಗ್ಗಿ ನೋಡಿದ. ತಳದಲ್ಲಿ ಒಂದು ನಕ್ಷತ್ರವೂ ಅಲುಗಿರಲಿಲ್ಲ.

ಸಾಕವ್ವ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ನೀರು ಹೆಂಗಿತ್ತಪ್ಪಾ?"

ಮೂರು ದಿನದ ದಾಹ ತಣಿದವನಿಗೆ ಸುಳ್ಳು ಹೊರಡಲಿಲ್ಲ. "ಸಿಹಿಯಾಗಿತ್ತು ಕಣಕ್ಕಾ" ಅಂದುಬಿಟ್ಟ.

"ಹಂಗಾದ್ರೆ ಗಂಗೆ ನ್ಯಾಯ ಹೇಳಿದ್ಲು" ಅಂದಳು ಸಾಕವ್ವ. ಯಾರೋ ಮೊದಲು ನಕ್ಕರು. ಆಮೇಲೆ ಊರೇ ನಕ್ಕಿತು. ಉಗ್ರಪ್ಪನ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ನೋಡಿ ಮಕ್ಕಳೇ, ನೆನಪಿಟ್ಟುಕೊಳ್ಳಿ. ಇನ್ನೊಬ್ಬರ ಕೈ ನೋಯುವುದನ್ನು ಪುಣ್ಯ ಅಂತ ಹೇಳುವವರು ಮೊದಲು ತಮ್ಮ ಕೈ ಹಾಕಿ ನೋಡಬೇಕು. ಹೊರೆ ಹಗುರ ಮಾಡುವ ಸಾಮಾನು ಮೊರವಾಗಲಿ, ಕತ್ತರಿಯಾಗಲಿ, ನಿಮ್ಮ ಈಗಿನ ಮಿಕ್ಸಿಯೇ ಆಗಲಿ, ಅದರಲ್ಲಿ ಪಾಪ ಇಲ್ಲ. ಅದನ್ನು ನಾಲ್ಕು ಜನರ ಕೈಗೆ ಸಿಗದ ಹಾಗೆ ಅಟ್ಟದ ಮೇಲೆ ಎಸೆಯುವುದರಲ್ಲಿದೆ.

ಆಮೇಲೆ ಏನಾಯಿತು ಅಂತೀರಾ? ಗಾಲಿಗೆ ರಾಟೆ ಅಂತ ಹೆಸರಾಯಿತು. ವೀರಾಚಾರಿ ಸುತ್ತಲ ಹಳ್ಳಿಗೆಲ್ಲಾ ರಾಟೆ ಮಾಡಿಕೊಟ್ಟ, ಚೂರು ಮರ ಉಳಿದರೆ ಮಕ್ಕಳಿಗೆ ಬುಗುರಿ ಮಾಡಿದ. ರಾಜ ಅರಮನೆಯ ತೊಟ್ಟಿಯ ಪದ್ಧತಿ ನಿಲ್ಲಿಸಿದ, ದಿನಾ ಬೆಳಿಗ್ಗೆ ತನ್ನ ಎರಡು ಕೊಡ ತಾನೇ ಸೇದಿದ. ಆಮೇಲೆ ಮಲಗಿದ. ಉಗ್ರಪ್ಪನಿಗೆ ರಾಟೆಗೆ ಎಣ್ಣೆ ಹಾಕುವ ಕೆಲಸ ಕೊಟ್ಟರು. ಹೆಗಲ ಮೇಲೆ ಎಣ್ಣೆ ಬುರುಡೆ ಹಾಕಿಕೊಂಡು ಮೂರು ಹೊತ್ತೂ ಬರುತ್ತಿದ್ದ. ಬರುಬರುತ್ತಾ ಅವನಿಗೇ ರಾಟೆಯ ಮೇಲೆ ಅಕ್ಕರೆ ಬಂದು, ಯಾರಾದರೂ ಜೋರಾಗಿ ಎಳೆದರೆ "ಮೆಲ್ಲಗೆ ಕಣವ್ವ, ನೋಯುತ್ತೆ" ಅನ್ನುತ್ತಿದ್ದ. ಅವನ ಅಟ್ಟದ ಇಲಿಗಳು ಸೊರಗಿದವು. ಚೆಲುವಿಗೆ ಹೆಣ್ಣುಕೂಸು ಹುಟ್ಟಿತು, ಎರಡು ಅಂಗೈ ತುಂಬ ಗೆರೆ.

ಸಾಕವ್ವ? ಮೂರು ವರ್ಷ ಕಳೆದು ಆ ಕೊರವಂಜಿ ಮತ್ತೆ ಬಂದಳು. ಸಾಕವ್ವನ ಕೈ ಹಿಡಿದು ನೋಡಿದಳು. ಬಿರುಕು ಮಾಗಿತ್ತು. ನುಣ್ಣಗಿದ್ದ ಅಂಗೈಯಲ್ಲಿ, ಆಗ ತಾನೇ ಮೊಳೆತ ಪೈರಿನ ಸಾಲಿನಂತೆ, ಸಣ್ಣ ಸಣ್ಣ ಗೆರೆ ಮೂಡಿದ್ದವು. "ಈಗ ಓದ್ತೀನಿ ತಾಯಿ" ಅಂತ ಕೊರವಂಜಿ ಬಾಯಿ ತೆರೆಯುವ ಹೊತ್ತಿಗೆ ಸಾಕವ್ವ ಹೊಂಗೆಮರದ ಕೆಳಗೆ ನಿದ್ದೆ ಹೋಗಿದ್ದಳು. ಕನಸಿನಲ್ಲಿ ಚಂದ್ರ ಉರುಳಿಕೊಂಡು ಬಂದು, ಬಾವಿಕಟ್ಟೆಯ ಮೇಲೆ ಕೂತು, "ಒಂದು ಚೆಂಬು ನೀರು ಕೊಡೇ ಸಾಕವ್ವ" ಅಂತ ಕೇಳುತ್ತಿದ್ದ. ಅವಳು ಕೊಡುತ್ತಿದ್ದಳು.