ಕಿಲ್ಟು ಉಟ್ಟವನ ಹಿಂದೆ ನಡೆದವರು

"ಗುರುಗಳೇ, ದಾರಿಯಲ್ಲಿ ಕಂಡಕಂಡವರಿಗೆಲ್ಲ ನನ್ನ ಉಡುಪಿನ ಬಗ್ಗೆ ಜವಾಬು ಕೊಡುತ್ತ ನಿಲ್ಲಬೇಕೇ?"

ಕೇಳಿದವನು ಚನ್ನಮಲ್ಲ. ಅವನು ಮಠಕ್ಕೆ ಸೇರಿ ತಿಂಗಳಾಗಿತ್ತು. ಊರಿನ ಮನೆಮನೆಯವರು ಕೊಟ್ಟ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಕಂಥೆಯನ್ನು ಹೊಸ ಶಿಷ್ಯರು ಒಂದು ವರ್ಷ ತೊಡಬೇಕೆಂಬುದು ಆ ಮಠದ ಕ್ರಮ. ಹೂವಿನದು, ಗೆರೆಯದು, ಕೆಂಪು, ಹಸಿರು ಎಲ್ಲವೂ ಅದರಲ್ಲಿತ್ತು. ಆ ಬೆಳಿಗ್ಗೆ ಅವನು ಅದನ್ನು ತೊಟ್ಟು ಮೊದಲ ಸಲ ಪೇಟೆಗೆ ಹೊರಟಿದ್ದ. ಪೇಟೆಯಾಚೆ ಕೆಮ್ಮು ಹಿಡಿದು ಮಲಗಿದ್ದ ಕುಂಬಾರಗೇರಿಯ ಅಜ್ಜಿಗೆ ಕಷಾಯದ ಪುಡಿ ಮುಟ್ಟಿಸಬೇಕಿತ್ತು.

ಪೇಟೆಯ ಬಾಯಲ್ಲೇ ಒಬ್ಬ, "ಏನ್ರಿ ಸ್ವಾಮಿ, ಕೌದಿ ಹೊದ್ಕೊಂಡು ಹಂಗs ಎದ್ದು ಬಂದ್ರ್ಯಾ?" ಎಂದ. ಚನ್ನಮಲ್ಲ ನಿಂತು ವಿವರಿಸಿದ. ಬಳೆ ಅಂಗಡಿಯವಳು ಕೇಳಿದಳು, ಅವಳಿಗೂ ವಿವರಿಸಿದ. ಮೂರನೆಯವನು ಕೇಳಿದಾಗ ಮೈಯೆಲ್ಲ ಉರಿದು ಜಗಳಕ್ಕೇ ಬಿದ್ದ. ನಾಲ್ಕನೆಯವನು ದೂರದಿಂದ ನೋಡುತ್ತ ಬರುವುದು ಕಂಡೊಡನೆ ತಿರುಗಿ ಮಠಕ್ಕೆ ಬಂದುಬಿಟ್ಟ.

"ಈ ಕಂಥೆ ನನಗೆ ಬೇಡ. ಇಲ್ಲವೇ, ಕೇಳಿದವರ ಬಾಯಿ ಒಂದೇ ಮಾತಿಗೆ ಮುಚ್ಚುವಂಥ ಉತ್ತರವನ್ನಾದರೂ ಹೇಳಿಕೊಡಿ" ಎಂದ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ತೆಗೆದರು.

ಒಬ್ಬ ವಾದ್ಯಗಾರನಿದ್ದ. ಸೇನೆಯ ಬ್ಯಾಂಡಿನಲ್ಲಿ ಬ್ಯಾಗ್‌ಪೈಪು ಊದಿ ನಿವೃತ್ತನಾದವನು. ಗಾಳಿ ತುಂಬಿದ ಚೀಲವನ್ನು ಕಂಕುಳಲ್ಲಿ ಒತ್ತಿಕೊಂಡು ನುಡಿಸುವ ವಾದ್ಯ ಅದು. ಆ ಬ್ಯಾಂಡಿನವರು ಮೊಣಕಾಲಿನವರೆಗೆ ಬರುವ ಚೌಕುಳಿ ಉಣ್ಣೆಯ ಉಡುಪು ಉಡುತ್ತಿದ್ದರು, ಹಿಂಬದಿಯೆಲ್ಲ ನೆರಿಗೆ. ಅದಕ್ಕೆ ಕಿಲ್ಟು ಎಂದು ಹೆಸರು. ಅಲ್ಲೇ ಡೋಲು ಬಾರಿಸುತ್ತಿದ್ದ ಒಬ್ಬ ಅವನ ಜೀವದ ಗೆಳೆಯ. ಇಬ್ಬರೂ ಪರಸ್ಪರ ಮಾತು ಕೊಟ್ಟಿದ್ದರು. ಯಾರು ಮೊದಲು ಹೋಗುತ್ತಾರೋ ಅವರ ಮಣ್ಣಿಗೆ ಉಳಿದವನು ಪೂರ್ತಿ ವೇಷದಲ್ಲಿ ಬಂದು ನುಡಿಸಬೇಕು.

ಡೋಲಿನವನು ಮೊದಲು ಹೋದ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಗುರುತು ಪರಿಚಯವಿಲ್ಲದ ಒಂದು ಹಳ್ಳಿಯಲ್ಲಿ ಮನೆ ಹಿಡಿದು, ಯಾರ ಗೊಡವೆಗೂ ಹೋಗದೆ ಇದ್ದವನು. ಪಕ್ಕದ ಮನೆಯ ಮುದುಕಿ ವಾದ್ಯಗಾರನಿಗೆ ಫೋನು ಮಾಡಿಸಿದಳು. "ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕು. ಹೆಗಲು ಕೊಡಾಕ ಯಾರೂ ಇಲ್ಲ. ಲಗೂನ ಬಾ ಯಪ್ಪಾ" ಎಂದಳು. ಪರಸ್ಥಳದವನ ಹೆಣವನ್ನು ಅವನ ಕಡೆಯವರೇ ಎತ್ತಬೇಕೆಂಬುದು ಆ ಸೀಮೆಯ ರೂಢಿ. ಅವನ ಕಡೆಯವನೆಂದರೆ ಈ ವಾದ್ಯಗಾರನೊಬ್ಬನೇ. ಹೆಗಲು ಕೊಟ್ಟರೆ ಊದುವಂತಿಲ್ಲ, ಊದಿದರೆ ಹೆಗಲು ಕೊಡುವಂತಿಲ್ಲ. ಮುಂದಿನದು ಮುಂದೆ ಎಂದುಕೊಂಡು ಅವನು ಕಿಲ್ಟು ಉಟ್ಟ, ಮಂಡಿಯವರೆಗಿನ ಕಾಲುಚೀಲ ಏರಿಸಿದ, ಬೂಟಿನ ಲಾಡಿ ಬಿಗಿದು ಹೊರಟ.

"ಗಂಟಿನಲ್ಲಿಟ್ಟುಕೊಂಡು ಹೋಗಿ ಅಲ್ಲೇ ಉಡಬಹುದಿತ್ತಲ್ಲ?" ಎಂದು ಚನ್ನಮಲ್ಲ ನಡುವೆ ಬಾಯಿ ಹಾಕಿದ.

"ಬ್ಯಾಂಡಿನವರು ವೇಷವನ್ನು ದಾರಿಯಲ್ಲಿ ಬದಲಿಸುವುದಿಲ್ಲ. ಮನೆಯ ಹೊಸಿಲಲ್ಲಿ ತೊಟ್ಟರೆ ಕೆಲಸ ಮುಗಿಸಿ ಬಂದು ಅದೇ ಹೊಸಿಲಲ್ಲಿ ಬಿಚ್ಚುವುದು. ಪೂರ್ತಿ ವೇಷ ಎಂದರೆ ಅವರಿಗೆ ಅಷ್ಟು ಅರ್ಥ" ಎಂದು ಗುರುಗಳು ಕತೆಗೆ ಮರಳಿದರು.

ಬಸ್ಸಿಳಿದ ಮೇಲೆ ಎರಡು ಹಳ್ಳಿ ದಾಟಿ ಮೂರನೆಯದಕ್ಕೆ ನಡೆಯಬೇಕಿತ್ತು. ಮೊದಲನೆಯ ಹಳ್ಳಿಯ ಕಟ್ಟೆಯ ಮೇಲೆ ಒಬ್ಬ ಹಿರಿಯ ಕೂತಿದ್ದ. "ಏನಿದು ತಮ್ಮಾ, ಗಂಡಸಾಗಿ ಲಂಗಾ ಉಟ್ಕೊಂಡು ಹೊಂಟೀ?" ಎಂದ. ಹಿರಿಯರು ಕೇಳಿದರೆ ನಿಂತ ಕಾಲಲ್ಲಿ ಉತ್ತರ ಹೇಳಬಾರದು, ಕಾಲಲ್ಲಿದ್ದದ್ದು ಕಳಚಿ ಕೂತು ಹೇಳಬೇಕು. ವಾದ್ಯಗಾರ ಮರ್ಯಾದೆಯಲ್ಲಿ ಬೆಳೆದವನು. ಬೂಟಿನ ಉದ್ದುದ್ದ ಲಾಡಿ ಬಿಚ್ಚಿದ. ಕೂತ. ಸೇನೆಗೆ ಸೇರಿದ ದಿನದಿಂದ ಶುರುಮಾಡಿ ಎಲ್ಲ ಹೇಳಿದ. ಮುಗಿಯಿತು ಎನ್ನುವಾಗ ಇನ್ನೊಬ್ಬ ಹಿರಿಯ ಬಂದು, "ಏನಂತ?" ಎಂದ. ಮತ್ತೆ ಮೊದಲಿಂದ ಹೇಳಿದ. ಲಾಡಿ ಕಟ್ಟಿಕೊಂಡು ಏಳುವ ಹೊತ್ತಿಗೆ ನೆತ್ತಿಯ ಮೇಲಿದ್ದ ಸೂರ್ಯ ಪಡುವಣಕ್ಕೆ ವಾಲಿದ್ದ.

ಗೆಳೆಯನನ್ನು ಅಂಗಳದಲ್ಲಿ ಮಲಗಿಸಿಟ್ಟು ತಾನು ಕಟ್ಟೆಯ ಮೇಲೆ ಕಿಲ್ಟಿನ ಪುರಾಣ ಹೇಳುತ್ತ ಕೂತಿದ್ದೆನಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಇನ್ನು ಈ ಬೂಟು ಬಿಚ್ಚುವುದಿಲ್ಲ ಎಂದುಕೊಂಡು ಹೆಜ್ಜೆ ಬೀಸಿದ.

ಎರಡನೆಯ ಹಳ್ಳಿಯ ಗರಡಿಮನೆಯ ಮುಂದೆ ಏಳೆಂಟು ಮಂದಿ ಹರಟೆ ಹೊಡೆಯುತ್ತಿದ್ದರು. ಅವರಲ್ಲೊಬ್ಬ ಪೈಲ್ವಾನ. ಲುಂಗಿಯನ್ನು ತೊಡೆಯವರೆಗೆ ಎತ್ತಿ ಕಟ್ಟಿದ್ದ. ಇನ್ನೊಬ್ಬ ಹಗ್ಗ ಹೊಸೆಯುತ್ತಿದ್ದ. ಪೈಲ್ವಾನ ಊರಿಗೇ ಕೇಳುವಂತೆ ಕೂಗಿದ.

"ಅಣ್ಣಾ, ಲಂಗದೊಳಗ ಏನ್ ಹಾಕ್ಕೊಂಡೀಯೋ?"

ವಾದ್ಯಗಾರ ಅವನ ಲುಂಗಿಯನ್ನು ಒಮ್ಮೆ ನೋಡಿದ. ಹೆಜ್ಜೆ ನಿಲ್ಲಿಸಲಿಲ್ಲ. "ನಿಮ್ಮ ಲುಂಗಿಯೊಳಗ ಏನೈತೋ ಅದs ನೋಡ್ರಿ. ನೀವು ದಿನಾ ಎತ್ತಿ ಕಟ್ಟತೀರಿ, ನಂದು ದರ್ಜಿನs ಎತ್ತಿ ಹೊಲದಾನ" ಎಂದ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಪೈಲ್ವಾನನೇ ಎಲ್ಲರಿಗಿಂತ ಜೋರಾಗಿ ನಕ್ಕ. "ತಡಿಯೋ ಅಣ್ಣಾ, ಪೂರಾ ಕತಿ ಹೇಳಿ ಹೋಗು" ಎಂದ.

"ಹೇಳ್ತೀನಿ, ನಡಕೋತ ಕೇಳ್ರಿ. ನನ್ನ ಗೆಳ್ಯಾ ಕಾಯಾಕತ್ತಾನ."

ಕತೆ ಎಂದರೆ ಯಾರು ಬಿಡುತ್ತಾರೆ? ಏಳೆಂಟು ಮಂದಿಯೂ ಎದ್ದರು. ಹಗ್ಗ ಹೊಸೆಯುವವನು ಹೊಸೆದ ಹಗ್ಗವನ್ನು ಹೆಗಲಿಗೆ ಹಾಕಿಕೊಂಡೇ ಬಂದ. ದಾರಿಯಲ್ಲಿ ಕುರಿಗಾರನೊಬ್ಬ ಸಿಕ್ಕು ಅದೇ ಪ್ರಶ್ನೆ ಕೇಳಿದ. ಅವನಿಗೆ ಪೈಲ್ವಾನನೇ ಉತ್ತರ ಹೇಳಿ ಜೊತೆಗೆ ಎಳೆದುಕೊಂಡ. ವಾದ್ಯಗಾರ ಹೇಳುತ್ತ ಹೋದ. ತಮ್ಮಿಬ್ಬರಿಗೂ ಒಂದೇ ದಿನ ಕಿಲ್ಟು ಕೊಟ್ಟದ್ದು, ನಾಚಿಕೆಯಿಂದ ಇಬ್ಬರೂ ಕೋಣೆ ಬಿಟ್ಟು ಹೊರಗೆ ಬಾರದ್ದು, ಕೊನೆಗೆ ಒಬ್ಬರ ಕೈ ಒಬ್ಬರು ಹಿಡಿದು ಮೈದಾನಕ್ಕೆ ಇಳಿದದ್ದು. ಹಿಮದಲ್ಲಿ ಇವನ ತುಟಿ ಒಡೆದಾಗ ಡೋಲಿನವನು ತನ್ನ ಪಾಲಿನ ತುಪ್ಪ ಹಚ್ಚಿದ್ದು. ಹಿಂದಿದ್ದವರ ನಗು ಎಲ್ಲಿಯೋ ನಿಂತುಹೋಯಿತು. ಕತೆಯಲ್ಲಿ ಗೆಳೆಯ ಸಾಯುವುದಕ್ಕೂ ಗೆಳೆಯನ ಮನೆ ಬರುವುದಕ್ಕೂ ಸರಿಹೋಯಿತು.

ಅಂಗಳದಲ್ಲಿ ಹೆಣ ಇತ್ತು. ಪಕ್ಕದಲ್ಲಿ ಮುದುಕಿಯೊಬ್ಬಳೇ ಕೂತಿದ್ದಳು. ಬಿಸಿಲು ಗೋಡೆಯ ತುದಿಗೆ ಏರಿತ್ತು. ಇವನ ಹಿಂದೆ ಬಂದ ಗುಂಪನ್ನು ಕಂಡು ಅವಳು ಎದ್ದು ನಿಂತಳು.

"ಅಯ್ಯ ನನ್ನಪ್ಪಾ, ಇಷ್ಟು ಮಂದಿ ಬಳಗ ಇತ್ತೇನು ಇವಗ!"

ನಾವು ಲಂಗ ನೋಡಲು ಬಂದವರು ಎನ್ನಲು ಒಬ್ಬನಿಗೂ ಬಾಯಿ ಬರಲಿಲ್ಲ. ಸಾವಿನ ಮನೆಯ ಬಾಗಿಲಿಗೆ ಬಂದವನು ಮಣ್ಣು ಹಾಕದೆ ಹಿಂದಿರುಗಬಾರದು. ಅದು ಆ ಸೀಮೆಯ ಕೂಸಿಗೂ ಗೊತ್ತು. ಪೈಲ್ವಾನ ಲುಂಗಿಯನ್ನು ಕಾಲಿನವರೆಗೆ ಇಳಿಬಿಟ್ಟು ಕೈಮುಗಿದ. ಹಗ್ಗದವನು ಹೆಗಲ ಮೇಲಿನ ಹಗ್ಗ ತೆಗೆದು ಚಟ್ಟ ಕಟ್ಟಲು ಕೂತ. ನಾಲ್ಕು ಹೆಗಲು ಬೇಕಿದ್ದಲ್ಲಿ ಒಂಬತ್ತು ಜನ ಮುಂದೆ ಬಂದರು. ವಾದ್ಯಗಾರ ಚೀಲಕ್ಕೆ ಗಾಳಿ ತುಂಬಿ, ಪೂರ್ತಿ ವೇಷದಲ್ಲಿ, ಗೆಳೆಯನ ಮುಂದೆ ನುಡಿಸುತ್ತ ನಡೆದ. ಹೊತ್ತು ಮುಳುಗುವ ಮೊದಲೇ ಮಣ್ಣಾಯಿತು.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲನ ಮುಖ ಅರಳಿತ್ತು. ಲುಂಗಿಯ ಮಾತನ್ನು ಅವನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಿದ್ದ.

"ಚೆಂದದ ಉತ್ತರ ಗುರುಗಳೇ. ಕಂಥೆಗೂ ಅಂಥದ್ದೇ ಒಂದನ್ನು ಹೇಳಿಕೊಡಿ" ಎಂದ.

ಗುರುಗಳು ಅವನ ಮುಷ್ಟಿಯ ಕಡೆ ನೋಡಿದರು.

"ಅಜ್ಜಿಯ ಕಷಾಯದ ಪುಡಿ ಇನ್ನೂ ನಿನ್ನ ಕೈಯಲ್ಲೇ ಇದೆಯಲ್ಲ, ಚನ್ನಮಲ್ಲ."

ಚನ್ನಮಲ್ಲ ಕಂಥೆಯಲ್ಲೇ ಎದ್ದು ಪೇಟೆಯ ದಾರಿ ಹಿಡಿದ.