ಒಳಗಿನ ಚಿಲಕ

ಸುವಾರ್ತಾ ಎಂಬ ಶಿಷ್ಯೆ ಗುರುವನ್ನು ಕೇಳಿದಳು:

"ಅಮ್ಮಾ, ಪ್ರಾರ್ಥನೆಗೆ ಸಮಯ ಎಲ್ಲಿಂದ ತರಲಿ? ದಿನಕ್ಕೆ ಕಾಲು ಗಂಟೆ ಒಬ್ಬಳೇ ದೇವರ ಮುಂದೆ ಕೂರುತ್ತೇನೆ ಎಂದು ಚರ್ಚಿನ ಹೊಸ ವರ್ಷದ ಆರಾಧನೆಯಲ್ಲಿ ಎದ್ದು ನಿಂತು ಹೇಳಿದ್ದೆ. ನಿನ್ನ ಕೈಲಾಗುವುದಿಲ್ಲ ಎಂದು ನಮ್ಮತ್ತೆ ಅಲ್ಲೇ ನಕ್ಕರು. ಕೊನೆಗೆ ಅವರು ಹೇಳಿದ್ದೇ ಆಯಿತು. ಭಾನುವಾರ ಮಕ್ಕಳಿಗೆ ಪಾಠ. ಮಂಗಳವಾರ ಹಾಡಿನ ಅಭ್ಯಾಸ. ಬುಧವಾರ ಮನೆಪ್ರಾರ್ಥನೆ. ಶುಕ್ರವಾರ ಆಸ್ಪತ್ರೆಯಲ್ಲಿ ರೋಗಿಗಳ ಭೇಟಿ. ಎಲ್ಲವೂ ದೇವರ ಕೆಲಸವೇ. ಎಲ್ಲರೂ ನನ್ನನ್ನೇ ಕರೆಯುತ್ತಾರೆ. ಇದರಲ್ಲಿ ಯಾವುದನ್ನು ಬಿಡಲಿ?"

ಗುರು ಶಾಲೆಗೆ ಹೋದವರಲ್ಲ. ಬಾಯಿಪಾಠ ಬರುತ್ತಿದ್ದ ಕೀರ್ತನೆಗಳನ್ನು ಪುಸ್ತಕದ ಅಕ್ಷರಗಳಿಗೆ ಒಂದೊಂದಾಗಿ ಹೊಂದಿಸಿಕೊಂಡು ಓದು ಕಲಿತವರು. ಶಿಷ್ಯೆಯ ಮಾತು ಕೇಳಿ ಅವರ ಮುಖ ಬಿಗಿಯಿತು.

"ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ಬಾಯಿ ಹಾಕಬೇಡ," ಎಂದರು.

ಒಂದು ಊರಿನಲ್ಲಿ ರೊಟ್ಟಿ ಮಾಡಿ ಮಾರುವ ಹೆಂಗಸೊಬ್ಬಳಿದ್ದಳು. ಮಗಳು ಕೈಗೂಸಾಗಿದ್ದಾಗಲೇ ಗಂಡ ತೀರಿಕೊಂಡ. ಆ ವರ್ಷ ಮೂವರು ಅವಳಿಗೆ, ಇದು ನಿನ್ನಿಂದಾಗದು ಎಂದು ಹೇಳಿದರು. ಒಂಟಿ ಹೆಂಗಸು ಒಲೆ ನಂಬಿ ಬದುಕಲಾರಳು ಎಂದು ಮೈದುನ ಹೇಳಿದ. ಮೂರು ತಿಂಗಳು ನಡೆದರೆ ಹೆಚ್ಚು ಎಂದು ಹಿಟ್ಟಿನ ಗಿರಣಿಯವನು ಹೇಳಿದ. ಚರ್ಚಿನ ಸಭೆಯ ಹಿರಿಯನು, ತವರಿಗೆ ಹೋಗುವುದೇ ಮೇಲು ಎಂದು ಹೇಳಿ, ಅವಳಿಗೆ ಆ ಬುದ್ಧಿ ಬರಲೆಂದು ಪ್ರಾರ್ಥನೆಯನ್ನೂ ಮಾಡಿದ.  ಅವಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಜೋಳದ ರೊಟ್ಟಿ ಬಡಿದಳು. ಐದು ವರ್ಷ ಕಳೆಯುವುದರೊಳಗೆ ಎರಡು ಒಲೆ, ಇಬ್ಬರು ಕೆಲಸದ ಹೆಂಗಸರು, ಸ್ವಂತದ್ದೊಂದು ಮನೆ ಆದವು. ಮನೆಯ ಪಡಸಾಲೆಯಲ್ಲಿ ನಲವತ್ತು ಜನ ಕೂರಬಹುದಿತ್ತು.

ಆ ಊರಿನ ಕ್ರೈಸ್ತರಲ್ಲಿ ಒಂದು ಪದ್ಧತಿ. ಬುಧವಾರ ಸಂಜೆ ಮನೆಪ್ರಾರ್ಥನೆ. ಒಂದು ವಾರ ಒಬ್ಬರ ಮನೆಯಲ್ಲಿ, ಮರುವಾರ ಇನ್ನೊಬ್ಬರ ಮನೆಯಲ್ಲಿ. ಪ್ರಾರ್ಥನೆ ಮುಗಿದ ಮೇಲೆ ಆ ಮನೆಯವರು ಬಂದವರಿಗೆಲ್ಲ ಉಪ್ಪಿಟ್ಟು, ಚಹಾ ಕೊಡಬೇಕು. ರೊಟ್ಟಿಯವಳ ಸರದಿ ಬಂತು. ಪಡಸಾಲೆ ದೊಡ್ಡದು, ಉಪ್ಪಿಟ್ಟು ರುಚಿ, ಒಲೆ ಹೇಗೂ ಉರಿಯುತ್ತಲೇ ಇರುತ್ತದೆ. ಮರುವಾರವೂ ಅಲ್ಲಿಗೇ ಬಂದರು. ಆಮೇಲೆ ಪ್ರತಿ ವಾರವೂ ಬಂದರು. ಹೀಗೆ ಎಂದು ಯಾರೂ ನಿರ್ಧಾರ ಮಾಡಲಿಲ್ಲ. ಅವಳನ್ನು ಯಾರೂ ಕೇಳಲೂ ಇಲ್ಲ.

ಆರು ವರ್ಷ, ಹತ್ತಿರ ಹತ್ತಿರ ಮುನ್ನೂರು ಬುಧವಾರ. ಅದರಲ್ಲಿ ಒಂದು ದಿನವೂ ಅವಳು ಪ್ರಾರ್ಥನೆಗೆ ಕೂರಲಿಲ್ಲ. ಹಾಡು ಶುರುವಾಗುವಾಗ ಈರುಳ್ಳಿ ಹೆಚ್ಚುತ್ತಿದ್ದಳು. ಬೈಬಲಿನ ವಾಕ್ಯ ಓದುವಾಗ ರವೆ ಹುರಿಯುತ್ತಿದ್ದಳು. ಕೊನೆಯಲ್ಲಿ ಹಿರಿಯನು ಗಟ್ಟಿ ದನಿಯಲ್ಲಿ, ಈ ಮನೆಯ ತಾಯಿಯ ಕೈಗಳನ್ನು ಆಶೀರ್ವದಿಸು ಎಂದು ಬೇಡುತ್ತಿದ್ದ. ಆಗ ಆ ಕೈಗಳು ಲೋಟ ತೊಳೆಯುತ್ತಿದ್ದವು. ಎಲ್ಲರೂ ಆಮೆನ್ ಎನ್ನುತ್ತಿದ್ದರು.

ತಪ್ಪು ಅವಳದೂ ಇತ್ತು. ಪ್ರಾರ್ಥಿಸುವವರಿಗೆ ಚಹಾ ಮಾಡಿಕೊಟ್ಟರೆ ತನ್ನ ಪ್ರಾರ್ಥನೆಯೂ ಅದರಲ್ಲಿ ಸೇರಿಕೊಳ್ಳುತ್ತದೆ ಎಂದು ನಂಬಿದ್ದಳು. ಸೇರಿಕೊಳ್ಳುವುದಿಲ್ಲ. ಇದನ್ನು ಅವಳಿಗೆ ಹೇಳಬಹುದಾಗಿದ್ದವರು ಪಡಸಾಲೆಯಲ್ಲಿ ಕೂತಿದ್ದರು. ಅವರಿಗೆ ಚಹಾ ಬೇಕಾಗಿತ್ತು.

ಮಗಳಿಗೆ ಒಂಬತ್ತು ತುಂಬಿದ ವರ್ಷ ಜ್ವರ ಬಂತು. ವೈದ್ಯರು ಬಂದು ಹೋದರು. ಸಭೆಯವರು ಮೂರು ದಿನವೂ ಸಂಜೆ ಬಂದು ಮಗುವಿಗಾಗಿ ಪ್ರಾರ್ಥಿಸಿದರು. ಬಂದವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಮೂರನೆಯ ಸಂಜೆ ಮಗು ಅಮ್ಮಾ ಎಂದು ಕರೆಯಿತು. ಅವಳು ಚಹಾ ಸೋಸುತ್ತಿದ್ದಳು. ಬಂದೆ ಎಂದಳು. ಪಾತ್ರೆ ಕೆಳಗಿಟ್ಟು ಬರುವಷ್ಟರಲ್ಲಿ ಮಗು ಹೋಗಿತ್ತು.

ಮಣ್ಣು ಮಾಡಿದ ಮೇಲೂ ಜನ ಬಂದರು. ತಿಂಗಳು ತುಂಬಿದ ದಿನದ ಪ್ರಾರ್ಥನೆಗೂ ಬಂದರು. ಅಂದು ಅಡುಗೆ ಅವಳದೇ. ಎಲ್ಲ ದೇವರ ಚಿತ್ತ ಎಂದು ಹಿರಿಯನು ಹೇಳಿದ. ಹೌದು ಹೌದು ಎಂದರು ಎಲ್ಲರೂ.  ಅವಳು ಸಾರು ಬಡಿಸುತ್ತಿದ್ದಳು.

ದೇವರಿಗೆ ಹೇಳಬೇಕಾದ ಒಂದು ಮಾತು ಅವಳಲ್ಲಿತ್ತು. ಅದು ನಾಲ್ಕು ಜನರ ನಡುವೆ ಹೇಳುವ ಮಾತಲ್ಲ. ಅದು ಜಗಳ. ಅವನೂ ಅವಳೂ ಇಬ್ಬರೇ ಇರಬೇಕಾದ ಜಗಳ. ಆದರೆ ಆ ಮನೆಯಲ್ಲಿ ಬೆಳಿಗ್ಗೆ ಕೆಲಸದವರು, ಮಧ್ಯಾಹ್ನ ಗಿರಾಕಿಗಳು, ಸಂಜೆ ಸಭೆಯವರು. ಬಂದವರು ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಅಕ್ಕಾ ಎನ್ನುತ್ತ ಅಡುಗೆಮನೆಯವರೆಗೂ ಬರುತ್ತಿದ್ದರು. ಅವಳು ಕಣ್ಣೊರೆಸಿಕೊಂಡರೆ, ಹೊಗೆಯೇನಕ್ಕಾ ಎಂದು ಕೇಳುತ್ತಿದ್ದರು. ಎರಡು ವರ್ಷ ಆ ಮಾತು ಅವಳ ಒಳಗೇ ಉಳಿಯಿತು.

ಒಂದು ಬುಧವಾರ ಹಿರಿಯನು ಪ್ರಾರ್ಥನೆಯಲ್ಲಿ, ಮಗಳ ದುಃಖವನ್ನು ಗೆದ್ದು ನಗುನಗುತ್ತ ನಿನ್ನ ಸೇವೆ ಮಾಡುತ್ತಿರುವ ಈ ತಾಯಿಗಾಗಿ ಸ್ತೋತ್ರ ಎಂದ. ಅದು ಅಡುಗೆಮನೆಗೆ ಕೇಳಿಸಿತು. ಆ ದಿನ ರವೆ ಸೀದು ಹೋಯಿತು. ಅವಳು ಬಾಣಲೆ ತೊಳೆದು, ಬೇರೆ ರವೆ ಹುರಿದು, ಎಲ್ಲರಿಗೂ ಕೊಟ್ಟು ಕಳಿಸಿದಳು. ಮರುದಿನ ಬೆಳಿಗ್ಗೆ ಬಡಿಗನಿಗೆ ಹೇಳಿ ಕಳಿಸಿದಳು.

ಮನೆಯಲ್ಲಿ ಜೋಳದ ಚೀಲಗಳನ್ನು ಇಡುವ ಒಂದು ಸಣ್ಣ ಕೋಣೆ ಇತ್ತು. ಅದಕ್ಕೆ ಬಾಗಿಲಿರಲಿಲ್ಲ.

"ಇದಕ್ಕೊಂದು ಬಾಗಿಲು ಮಾಡು. ಚಿಲಕ ಒಳಗಡೆ ಇರಲಿ," ಎಂದಳು.

ಆ ಊರಿನಲ್ಲಿ ಉಗ್ರಾಣದ ಚಿಲಕ ಹೊರಗಡೆ ಇರುತ್ತದೆ. ಬಡಿಗ ಅಳತೆಕೋಲು ಕೆಳಗಿಟ್ಟ.

"ಒಳಗಡೆ ಯಾಕಕ್ಕಾ? ಜೋಳ ತಾನೇ ಎದ್ದು ಚಿಲಕ ಹಾಕಿಕೊಳ್ಳುತ್ತದೆಯೇ?"

"ಜೋಳಕ್ಕೆ ಅಷ್ಟು ಬುದ್ಧಿಯಿಲ್ಲ. ನನಗೂ ಇರಲಿಲ್ಲ. ಈಗ ಬಂದಿದೆ."

ಬಡಿಗ ಬಾಗಿಲು ಕೂರಿಸಿದ. ಊರಿಗೆಲ್ಲ ಹೇಳಿದ. ರೊಟ್ಟಿಯವಳು ಒಳಗೆ ಚಿನ್ನ ಇಟ್ಟಿದ್ದಾಳೆ ಎಂದರು ಕೆಲವರು. ತಲೆ ಕೆಟ್ಟಿದೆ ಎಂದರು ಕೆಲವರು. ಅವಳನ್ನು ಕೇಳಿದವರು ಯಾರೂ ಇಲ್ಲ.

ಮುಂದಿನ ಬುಧವಾರ ಜನ ಬಂದು ಕೂತರು. ಹಾಡು ಎತ್ತಿಕೊಂಡರು. ಅವಳು ಎರಡೂ ಒಲೆ ಆರಿಸಿದಳು. ಕೋಣೆಗೆ ಹೋದಳು. ಚಿಲಕ ಹಾಕಿದಳು.

ಚೀಲಗಳ ನಡುವೆ ಕೂತಳು.  ಕೈಗಳು ಕೆಲಸ ಹುಡುಕಿದವು. ನೆಲದ ಮೇಲೆ ಬಿದ್ದಿದ್ದ ಜೋಳದ ಕಾಳುಗಳನ್ನು ಆರಿಸತೊಡಗಿದವು. ಅವಳು ಕಾಳು ಕೆಳಗೆ ಚೆಲ್ಲಿ ಕೈಗಳನ್ನು ಮಡಿಲಲ್ಲಿ ಹಿಡಿದುಕೊಂಡಳು. ಹೊರಗೆ ಹಾಡು ಮುಗಿಯಿತು, ವಾಕ್ಯ ಮುಗಿಯಿತು. ಆಗ ಅವಳು ಮಾತು ಶುರುಮಾಡಿದಳು. ಒಳಗೆ ಅವಳು ಏನು ಹೇಳಿದಳು ಎಂಬುದು ಈ ಕತೆಯಲ್ಲಿಲ್ಲ. ಬಾಗಿಲು ಮುಚ್ಚಿತ್ತು. ದನಿ ಏರಿದ್ದು ಮಾತ್ರ ಪಡಸಾಲೆಗೆ ಕೇಳಿಸಿತು.

ಹಿರಿಯನು ಎದ್ದು ಬಂದು ಬಾಗಿಲು ತಟ್ಟಿದ. ಆ ಮನೆಯಲ್ಲಿ ಯಾರಾದರೂ ಬಾಗಿಲು ತಟ್ಟಿದ್ದು ಅದೇ ಮೊದಲು.

"ತಂಗೀ, ಒಳಗೆ ಯಾರ ಜೊತೆ ಜಗಳ?"

"ನೀವು ಯಾರ ಹೆಸರು ಹೇಳಿಕೊಂಡು ಬಂದಿದ್ದೀರೋ ಅವನ ಜೊತೆ, ಅಣ್ಣಾ."

"ಇದೇನು ಮಾತು? ಹೊರಗೆ ಬಾ. ಪ್ರಾರ್ಥನೆ ಮುಗಿದಿದೆ, ಜನ ಕಾಯುತ್ತಿದ್ದಾರೆ."

"ನಿಮ್ಮದು ಮುಗಿದಿದೆ. ನನ್ನದು ಈಗ ಶುರುವಾಗಿದೆ. ಚಹಾ ಬೇಕಿದ್ದರೆ ಒಲೆ ಅಲ್ಲೇ ಇದೆ, ಸಕ್ಕರೆ ಡಬ್ಬಿ ಮೇಲಿನ ಹಲಗೆಯಲ್ಲಿದೆ."

ನಲವತ್ತು ಜನ ಇದ್ದರು. ಒಬ್ಬರೂ ಒಲೆ ಹಚ್ಚಲಿಲ್ಲ. ಹಚ್ಚದಿದ್ದರೆ ಹೋಗಲಿ, ಎರಡು ವರ್ಷದ ಅಳು ಅದು ಎಂದು ಒಬ್ಬರಿಗೂ ತಿಳಿಯಲಿಲ್ಲ. ಅವಳು ಹೊರಗೆ ಬರುವವರೆಗೆ ಕಾಯೋಣ ಎಂದು ಒಬ್ಬರೂ ಕೂರಲಿಲ್ಲ. ಮನೆಗೆ ಬಂದವರಿಗೆ ಒಂದು ಲೋಟ ಚಹಾ ಇಲ್ಲವೆಂದು ಗೊಣಗುತ್ತ ಚಪ್ಪಲಿ ಹಾಕಿಕೊಂಡು ಹೋದರು.

ಮರುವಾರದಿಂದ ಪ್ರಾರ್ಥನೆ ಬೇರೆ ಮನೆಗೆ ಹೋಯಿತು. ಆ ಮನೆಯಲ್ಲಿ ಚಹಾ ಮಾತ್ರ, ಉಪ್ಪಿಟ್ಟಿಲ್ಲ. ಒಂದು ತಿಂಗಳಲ್ಲಿ ನಲವತ್ತು ಜನ ಹನ್ನೊಂದಾದರು. ಸಭೆ ಒಡೆದದ್ದು ರೊಟ್ಟಿಯವಳಿಂದ ಎಂದು ಹಿರಿಯನು ಹೇಳಿದ. ದುಡ್ಡಿನ ಸೊಕ್ಕು ಎಂದು ಮೈದುನ ಹೇಳಿದ. ಮಹಿಳಾ ಸಂಘದವರು ಅವಳ ಹೆಸರು ತೆಗೆದರು. ಹಬ್ಬಕ್ಕೆ ರೊಟ್ಟಿ ಹೇಳುತ್ತಿದ್ದವರು ಪಕ್ಕದ ಊರಿನಿಂದ ತರಿಸಿಕೊಂಡರು. ಬೀದಿಯಲ್ಲಿ ಸಿಕ್ಕಾಗ ಅಕ್ಕಾ ಎನ್ನುತ್ತಿದ್ದವರು ಸೆರಗು ಸರಿಮಾಡಿಕೊಂಡು ದಾಟಿ ಹೋದರು. ಒಂದು ಒಲೆ ನಿಂತಿತು. ಒಬ್ಬ ಕೆಲಸದವಳನ್ನು ಬಿಡಿಸಬೇಕಾಯಿತು.

ಅವಳು ಬಾಗಿಲು ಕೀಳಿಸಲಿಲ್ಲ. ದಿನವೂ ಮಧ್ಯಾಹ್ನದ ರೊಟ್ಟಿ ಮುಗಿದ ಮೇಲೆ ಕೈತೊಳೆದು ಒಳಗೆ ಹೋಗಿ ಕಾಲು ಗಂಟೆ ಕೂರುತ್ತಿದ್ದಳು. ಗಿರಾಕಿ ಬಂದರೆ ಕಾಯಬೇಕು, ಇಲ್ಲವೇ ಹೋಗಬೇಕು. ಮೊದಲ ವರ್ಷವೆಲ್ಲ ಜಗಳ. ಆಮೇಲೆ ಬಹಳ ದಿನ ಸುಮ್ಮನೆ ಕೂತಳು. ಆಮೇಲೆ ಒಂದು ಮಧ್ಯಾಹ್ನ ಮಗಳ ಹೆಸರನ್ನು ಬಾಯಿಬಿಟ್ಟು ಕರೆದಳು. ಆ ಸಂಜೆ ಬಂದೆ ಎಂದು ಹೇಳಿ ತಡಮಾಡಿದ್ದಕ್ಕೆ ಕ್ಷಮೆ ಕೇಳಿದಳು. ಅಲ್ಲಿಂದ ಎದ್ದು ಬಂದಾಗ ಅವಳ ಮುಖ ಬೇರೆಯಾಗಿತ್ತು ಎಂದು ಉಳಿದ ಕೆಲಸದವಳು ಹೇಳುತ್ತಾಳೆ. ಉತ್ತರ ಬಂತೋ ಇಲ್ಲವೋ, ಅದನ್ನು ಅವಳು ಯಾರಿಗೂ ಹೇಳಿಲ್ಲ.

ಗುರು ಕತೆ ನಿಲ್ಲಿಸಿದರು. ಸುವಾರ್ತಾ ಕೇಳಿದಳು:

"ಅಮ್ಮಾ, ಬಂದವರನ್ನು ಉಪಚರಿಸುವುದೂ ದೇವರ ಕೆಲಸವಲ್ಲವೇ? ಮೊದಲು ಚಹಾ ಕೊಟ್ಟು, ಎಲ್ಲರೂ ಹೋದ ಮೇಲೆ ಒಳಗೆ ಹೋಗಿದ್ದರೆ ಯಾರಿಗೂ ಬೇಸರವಾಗುತ್ತಿರಲಿಲ್ಲ."

"ಎಲ್ಲರೂ ಹೋದ ಮೇಲೆ ಎಂದು ಅವಳೂ ಎರಡು ವರ್ಷ ಅಂದುಕೊಂಡಿದ್ದಳು. ಅವರು ಹೋಗುವುದಿಲ್ಲ, ಸುವಾರ್ತಾ. ದೇವರ ಹೆಸರು ಹೇಳಿಕೊಂಡು ಬಂದವರು ತಾವಾಗಿ ಎದ್ದು ಹೋಗುವುದೇ ಇಲ್ಲ. ನಿನ್ನನ್ನು ಕರೆಯುವವರಲ್ಲಿ ಒಬ್ಬರಾದರೂ, ನೀನು ಪ್ರಾರ್ಥಿಸಿದೆಯಾ ಎಂದು ಕೇಳಿದ್ದಾರೆಯೇ?"

"ಇಲ್ಲ."

"ನೀನು ಬಾರದಿದ್ದರೆ?"

"ಬೇಸರ ಮಾಡಿಕೊಳ್ಳುತ್ತಾರೆ. ಸುವಾರ್ತಾ ಮೊದಲಿನ ಹಾಗಿಲ್ಲ ಎನ್ನುತ್ತಾರೆ."

ಗುರು ಹೇಳಿದರು: "ಆ ರೊಟ್ಟಿಯವಳ ಬಳಿ ಈಗ ಒಂದು ಒಲೆಯಿದೆ, ದೇವರೊಡನೆ ಕೂರಲು ದಿನಕ್ಕೆ ಕಾಲು ಗಂಟೆಯಿದೆ, ಅದಕ್ಕೆ ಅವಳು ತೆತ್ತದ್ದು ನಲವತ್ತು ಜನರ ಒಳ್ಳೆಯ ಮಾತು, ನೀನು ಇನ್ನೂ ಒಬ್ಬರ ಒಳ್ಳೆಯ ಮಾತನ್ನೂ ತೆತ್ತಿಲ್ಲ."