ದರ್ಜಿಯ ಹತ್ತೊಂಬತ್ತು ದಿನ

"ಬುದ್ಧಿ, ನಲವತ್ತೆಂಟು ದಿನದ ಅನುಷ್ಠಾನ ಹಿಡಿದವನು ಮೂವತ್ತೇಳನೆಯ ದಿನಕ್ಕೆ ಎದ್ದುಹೋದರೆ, ಆದ ದಿನಗಳ ಫಲ ಉಳಿಯುತ್ತದೆಯೋ, ಕಳೆದುಹೋಗುತ್ತದೆಯೋ?"

ಕೇಳಿದವನು ಮಠದ ಶಿಷ್ಯ ಗುರುಮಲ್ಲ. ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಸ್ವಾಮಿಗಳು ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರು ಎದ್ದುಹೋಗುವವರು?"

"ನಾನೇ ಬುದ್ಧಿ. ಅಕ್ಕನಿಗೆ ಹುಷಾರಿಲ್ಲ. ಹಾಸಿಗೆ ಹಿಡಿದಿದ್ದಾಳೆ, ನನ್ನನ್ನು ಕೇಳುತ್ತಿದ್ದಾಳೆ ಎಂದು ಭಾವ ಫೋನು ಮಾಡಿದ್ದರು. ಹನ್ನೊಂದೇ ದಿನ ಬಾಕಿ. ಮುಗಿಸಿಕೊಂಡೇ ಹೋಗೋಣ ಎನ್ನಿಸುತ್ತದೆ. ಬಂದ ಫಲವನ್ನು ಅವಳ ಹೆಸರಿಗೇ ಅರ್ಪಿಸುತ್ತೇನೆ."

ಗುರುಮಲ್ಲನ ತಾಯಿ ಅವನ ನಾಲ್ಕನೆಯ ವಯಸ್ಸಿನಲ್ಲೇ ತೀರಿಕೊಂಡಿದ್ದಳು. ಎತ್ತಿ ಆಡಿಸಿದವಳು, ಉಣ್ಣಿಸಿದವಳು ಆ ಅಕ್ಕನೇ. ಇದು ಸ್ವಾಮಿಗಳಿಗೆ ಗೊತ್ತಿತ್ತು. ಅವರು ಕೈಯಲ್ಲಿದ್ದ ಹುಣಸೆಹಣ್ಣನ್ನು ಮೊರಕ್ಕೆ ಹಾಕಿದರು.

"ಫಲದ ಲೆಕ್ಕ ನನಗೆ ಬಾರದಪ್ಪ. ಒಬ್ಬ ದರ್ಜಿಯ ಕತೆ ಗೊತ್ತು. ಕೇಳು."

ಹೀಗೆಂದು ಸ್ವಾಮಿಗಳು ಹೇಳತೊಡಗಿದರು.

ಒಬ್ಬ ದರ್ಜಿ ಇದ್ದ. ನಮ್ಮ ಸೀಮೆಯವನೇ. ನನ್ನ ಹೆಸರು ಎಲ್ಲೂ ಹೇಳಬೇಡಿ, ನನ್ನ ಹೆಂಡತಿಯ ಹೆಸರು ಹೇಳಿ ಎಂದಿದ್ದ. ಅವಳ ಹೆಸರು ದಾಕ್ಷಾಯಿಣಿ. ಇಬ್ಬರೂ ಚಿಕ್ಕ ವಯಸ್ಸಿನಲ್ಲೇ ಇಂಗ್ಲೆಂಡಿಗೆ ಹೋದರು. ಅಲ್ಲಿ ಒಂದೇ ಕಾರ್ಖಾನೆಯಲ್ಲಿ ಅವನು ಬಟ್ಟೆ ಕತ್ತರಿಸುತ್ತಿದ್ದ, ಅವಳು ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದಳು. ಮಕ್ಕಳಾಗಲಿಲ್ಲ.

ದರ್ಜಿ ಕಸುಬಿನಲ್ಲಿ ಗಟ್ಟಿಗ. ಒಂದು ಗೇಣು ಬಟ್ಟೆ ಉಳಿಯುತ್ತದೆ ಎಂದು ಕಂಡರೆ ಸಾಕು, ಕಾಗದದ ನಮೂನೆಯನ್ನು ಹೀಗಿಟ್ಟು ಹಾಗಿಟ್ಟು ಅರ್ಧ ದಿನ ನೋಡುತ್ತಿದ್ದ. ಆ ಗೇಣು ಉಳಿಯುವ ದಾರಿ ಸಿಕ್ಕಿದ ಮೇಲೆಯೇ ಕತ್ತರಿ ಎತ್ತುತ್ತಿದ್ದ. ಇದನ್ನು ನೆನಪಿಟ್ಟುಕೋ.

ಗಂಡಹೆಂಡಿರು ಹೊಟ್ಟೆಬಟ್ಟೆ ಕಟ್ಟಿ ಹಣ ಕೂಡಿಟ್ಟರು. ಕೂಡಿದ್ದನ್ನು ಆ ದೇಶದ ಒಂದು ಹೂಡಿಕೆ ಟ್ರಸ್ಟಿನಲ್ಲಿ ಹಾಕಿದರು. ಟ್ರಸ್ಟು ಎಂದರೆ ನಮ್ಮ ಮಠದ ಟ್ರಸ್ಟಿನ ಹಾಗೆ ಕುರ್ಚಿಗೆ ಕಿತ್ತಾಡುವುದಲ್ಲ. ಸಾವಿರಾರು ಜನರ ಹಣ ಒಟ್ಟು ಮಾಡಿ ಬ್ಯಾಂಕು, ಎಣ್ಣೆ, ಸಾಬೂನು, ಕರೆಂಟು ಎಂದು ಅಲ್ಲಿಯ ದೊಡ್ಡ ದೊಡ್ಡ ಕಂಪನಿಗಳ ಶೇರು ಕೊಂಡಿಡುವುದು. ಕಂಪನಿಗಳು ಲಾಭದಲ್ಲಿ ಪಾಲು ಕೊಡುತ್ತವೆ. ಆ ಪಾಲನ್ನು ಟ್ರಸ್ಟು ವರ್ಷಕ್ಕೆ ನಾಲ್ಕು ಸಲ ತನ್ನ ಜನಕ್ಕೆ ಹಂಚುತ್ತದೆ. ಅದಕ್ಕೇ ಡಿವಿಡೆಂಡು ಎನ್ನುವುದು. ಒಳ್ಳೆಯ ವರ್ಷದಲ್ಲಿ ಪೂರ್ತಿ ಹಂಚದೆ ಸ್ವಲ್ಪ ತೆಗೆದಿಟ್ಟು, ಕೆಟ್ಟ ವರ್ಷದಲ್ಲಿ ಅದನ್ನು ಸೇರಿಸಿ ಕೊಡುತ್ತಿದ್ದರು. ನಲವತ್ತು ವರ್ಷ ಆ ಟ್ರಸ್ಟು ಹಿಂದಿನ ವರ್ಷಕ್ಕಿಂತ ಕಡಿಮೆ ಕೊಟ್ಟದ್ದೇ ಇಲ್ಲವಂತೆ. ಮೊದಲೇ ಹೇಳಿಬಿಡುತ್ತೇನೆ, ಟ್ರಸ್ಟು ಮೋಸ ಮಾಡಲಿಲ್ಲ. ಈ ಕತೆಯಲ್ಲಿ ಕಳ್ಳನನ್ನು ಹುಡುಕಬೇಡ.

ದರ್ಜಿ ಎರಡು ವ್ರತ ಹಿಡಿದ. ಒಂದು, ಅಸಲು ಮುಟ್ಟಬಾರದು. ಬಂದ ಡಿವಿಡೆಂಡಿನಲ್ಲೇ ಬದುಕಬೇಕು. ಎರಡು, ಶೇರಿನ ಬೆಲೆ ನೋಡಬಾರದು; ಬೆಲೆ ಏರುತ್ತದೆ, ಇಳಿಯುತ್ತದೆ, ನೋಡಿದವನ ನಿದ್ದೆ ಕೆಡುತ್ತದೆ. ತಪ್ಪೇನಿಲ್ಲ, ಒಳ್ಳೆಯ ವ್ರತಗಳೇ. ಮೂವತ್ತು ವರ್ಷ ಒಂದು ದಿನವೂ ಮುರಿಯಲಿಲ್ಲ. ಡಿವಿಡೆಂಡು ಬಂದ ದಿನ ದಾಕ್ಷಾಯಿಣಿ ಒಬ್ಬಟ್ಟು ಮಾಡುತ್ತಿದ್ದಳು. "ಊರಲ್ಲಿ ವರ್ಷಕ್ಕೆ ಒಂದೇ ಯುಗಾದಿ, ನಮಗೆ ಇಲ್ಲಿ ನಾಲ್ಕು ಕಣ್ರೀ" ಎಂದು ಗಂಡನನ್ನು ಛೇಡಿಸುತ್ತಿದ್ದಳು. ಅವನು ಒಬ್ಬಟ್ಟು ತಿನ್ನುತ್ತಿದ್ದ. ಸುಖವಾಗಿದ್ದರು. ಅದನ್ನೂ ಹೇಳಬೇಕಲ್ಲ.

ಒಂದು ವರ್ಷ ಅವಳಿಗೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಹೃದಯದ ಕವಾಟ ಕಟ್ಟಿಕೊಂಡಿದೆ, ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದರು. ಆ ದೇಶದ ಸರ್ಕಾರಿ ಆಸ್ಪತ್ರೆಯಲ್ಲಿ ಕಾಸು ಕೇಳುವುದಿಲ್ಲ, ಆದರೆ ಸರದಿ ಇದೆ. ಅವಳ ಸರದಿ ಬರಲು ಐದು ತಿಂಗಳು. ಖಾಸಗಿ ಆಸ್ಪತ್ರೆಯಾದರೆ ಮುಂದಿನ ವಾರವೇ ಆಗುತ್ತದೆ. ಅದಕ್ಕೆ ಇಪ್ಪತ್ತೆಂಟು ಸಾವಿರ ಪೌಂಡು ಬೇಕು.

ಹಣವಿತ್ತು. ಅದಕ್ಕಿಂತ ಎಷ್ಟೋ ಹೆಚ್ಚಿತ್ತು. ಅದರಲ್ಲಿ ಅರ್ಧ ಅವಳೇ ಕಾಜಾ ಹಾಕಿ ದುಡಿದದ್ದು.

ದರ್ಜಿಯನ್ನು ಜಿಪುಣ ಎನ್ನಬೇಡ. ಹೆಂಡತಿಗಿಂತ ಹಣ ದೊಡ್ಡದಲ್ಲ ಎಂದು ಅವನು ಆ ಕ್ಷಣವೇ ಮೊದಲ ವ್ರತವನ್ನು ಬಿಟ್ಟ. ಅಸಲು ಮಾರುತ್ತೇನೆ ಎಂದು ನಿಶ್ಚಯಿಸಿದ. ಮಾರಲು ಕುಳಿತಾಗ ಅವನ ಕೈ ಒಂದು ತಾರೀಖಿನ ಹತ್ತಿರ ನಿಂತಿತು.

ಆ ಶೇರಿಗೆ ಒಂದು ಕಟ್ಟಳೆ ಇದೆ. ಪ್ರತಿ ಡಿವಿಡೆಂಡಿಗೂ ಒಂದು ಗಡುವಿನ ದಿನ ಗೊತ್ತು ಮಾಡಿರುತ್ತಾರೆ. ಆ ದಿನದವರೆಗೆ ಶೇರು ಇಟ್ಟುಕೊಂಡಿದ್ದವನಿಗೆ ಆ ಸಲದ ಡಿವಿಡೆಂಡು ಸಿಗುತ್ತದೆ. ಮೊದಲೇ ಮಾರಿದವನಿಗೆ ಇಲ್ಲ. ಗಡುವಿನ ದಿನ ಇನ್ನೂ ಹತ್ತೊಂಬತ್ತು ದಿನ ದೂರವಿತ್ತು. ಮಾರಬೇಕಾದಷ್ಟು ಶೇರಿಗೆ ಬರುವ ಡಿವಿಡೆಂಡು ಅಂದಾಜು ಮುನ್ನೂರು ಪೌಂಡು. ನೋಡಿದೆಯಾ? ಒಂದು ಗೇಣು ಬಟ್ಟೆ.

ದರ್ಜಿ ಡಾಕ್ಟರ ಹತ್ತಿರ ಹೋಗಿ, "ಹತ್ತೊಂಬತ್ತು ದಿನ ತಡೆಯಬಹುದೇ?" ಎಂದು ಕೇಳಿದ.

"ತಡೆದರೂ ತಡೆಯಬಹುದು, ತಡೆಯದೆಯೂ ಇರಬಹುದು. ನಾನಾದರೆ ಕಾಯುತ್ತಿರಲಿಲ್ಲ" ಎಂದರು ಡಾಕ್ಟರು.

ದರ್ಜಿ ಮೊದಲ ಮಾತನ್ನು ಮಾತ್ರ ಮನೆಗೆ ತಂದ. ಡಾಕ್ಟರು ತಡೆಯಬಹುದು ಎಂದರು ಎಂದ. ದಾಕ್ಷಾಯಿಣಿ ಮೂವತ್ತು ವರ್ಷ ಅವನ ಜೊತೆ ಬಟ್ಟೆಯ ಅಂಚು ಉಳಿಸಿದವಳು. "ಹತ್ತೊಂಬತ್ತೇ ದಿನ ತಾನೇ? ಮೆಟ್ಟಿಲು ಹತ್ತುವುದು ಬಿಟ್ಟರಾಯಿತು. ಹೊಲಿಗೆ ಮೆಷಿನ್ ಸರಿಸಿ, ಕೆಳಗೇ ಮಲಗುತ್ತೇನೆ" ಎಂದಳು. ಅವನು ಮೆಷಿನ್ ಸರಿಸಿ ಹಾಸಿಗೆ ಹಾಸಿದ.

ಮಹರಾಯ, ಆ ಕಾಯುವ ದಿನಗಳಲ್ಲಿ ಅವನು ಅವಳನ್ನು ಎಷ್ಟು ಚೆನ್ನಾಗಿ ನೋಡಿಕೊಂಡ ಎನ್ನುವೆ! ತಲೆ ಬಾಚಿದ. ಅನ್ನ ಮಾಡಿ ಬಡಿಸಿದ. ಸೀರೆ ಮಡಿಸಿಟ್ಟ. ಮಾರುವುದೊಂದನ್ನು ಬಿಟ್ಟು ಎಲ್ಲ ಮಾಡಿದ.

ಹದಿನಾರನೆಯ ದಿನ ಬೆಳಿಗ್ಗೆ ಅವಳು ಒಲೆಯ ಮೇಲೆ ಹಾಲಿಟ್ಟು ನಿಂತಿದ್ದಳು. ಹಾಲು ಉಕ್ಕಿದ ವಾಸನೆಗೆ ದರ್ಜಿ ಒಳಗೆ ಬಂದ. ಅವಳು ನೆಲದ ಮೇಲಿದ್ದಳು. ಉಸಿರಿರಲಿಲ್ಲ.

ಸ್ವಾಮಿಗಳು ನಿಲ್ಲಿಸಿದರು. ಗುರುಮಲ್ಲ ಲೊಚಗುಟ್ಟಿದ.

"ಪಾಪ. ಅತಿ ಆಸೆ ಗತಿಗೇಡು ಬುದ್ಧಿ."

"ಗಾದೆ ಹೇಳಿ ನುಣುಚಿಕೊಳ್ಳಬೇಡ!" ಸ್ವಾಮಿಗಳ ದನಿ ಏರಿತು. "ಎಲ್ಲಿತ್ತು ಆಸೆ? ಮುನ್ನೂರು ಪೌಂಡಿನಲ್ಲಿ ಅವನು ಅರಮನೆ ಕಟ್ಟುತ್ತಿದ್ದನೇ? ಆಸೆಬುರುಕನಾಗಿದ್ದರೆ ನಾನು ಈ ಕತೆಯನ್ನು ನಿನಗೆ ಹೇಳುತ್ತಲೇ ಇರಲಿಲ್ಲ. ಅವನಿಗಿದ್ದದ್ದು ಶಿಸ್ತು. ಕೈಗೆ ಬರುವುದನ್ನು ವ್ಯರ್ಥ ಮಾಡಬಾರದು ಎಂಬ ಶಿಸ್ತು. ಕತೆ ಇನ್ನೂ ಮುಗಿದಿಲ್ಲ, ಬಾಯಿ ಮುಚ್ಚಿಕೊಂಡು ಕೇಳು."

ಹತ್ತೊಂಬತ್ತನೆಯ ದಿನ ಬಂತು. ದಾಕ್ಷಾಯಿಣಿಯನ್ನು ಇನ್ನೂ ಮಣ್ಣು ಮಾಡಿರಲಿಲ್ಲ. ಅಲ್ಲಿ ಸತ್ತವರಿಗೂ ಸರದಿ. ಮಣ್ಣಿಗೂ ಆ ದೇಶದಲ್ಲಿ ಹಣ ಸುರಿಯಬೇಕು. ದರ್ಜಿ ಶೇರು ಮಾರಲು ಕುಳಿತ. ಮೂವತ್ತು ವರ್ಷದಲ್ಲಿ ಮೊದಲ ಸಲ ಬೆಲೆಯನ್ನು ಕಣ್ಣಾರೆ ನೋಡಿದ. ಹಿಂದಿನ ಸಂಜೆ ಇದ್ದ ಬೆಲೆ ಆ ಬೆಳಿಗ್ಗೆ ಇರಲಿಲ್ಲ, ಇಳಿದಿತ್ತು. ಎಷ್ಟು ಇಳಿದಿತ್ತು? ಹೆಚ್ಚುಕಡಿಮೆ ಆ ಡಿವಿಡೆಂಡು ಎಷ್ಟೋ ಅಷ್ಟೇ.

ಏನೋ ತಪ್ಪಾಗಿದೆ ಎಂದು ಶೇರು ಕಚೇರಿಗೆ ಫೋನು ಮಾಡಿದ. ಎತ್ತಿದವಳು ಒಬ್ಬ ಹೆಂಗಸು. "ತಪ್ಪೇನಿಲ್ಲ, ಪ್ರತಿ ಸಲವೂ ಹೀಗೆಯೇ. ಇವತ್ತು ಕೊಳ್ಳುವವನಿಗೆ ಈ ಸಲದ ಡಿವಿಡೆಂಡು ಇಲ್ಲ, ಆದ್ದರಿಂದ ಅವನು ಅಷ್ಟು ಕಡಿಮೆ ಕೊಡುತ್ತಾನೆ. ಮೊದಲೇ ಮಾರಿದ್ದರೆ ಅದು ನಿಮಗೆ ಬೆಲೆಯಲ್ಲೇ ಸೇರಿ ಬರುತ್ತಿತ್ತು" ಎಂದಳು. ಇನ್ನೇನಾದರೂ ಬೇಕೇ ಎಂದೂ ಕೇಳಿದಳಂತೆ.

ಇದು ದೊಡ್ಡ ವಿದ್ಯೆಯೇನಲ್ಲ. ನಮ್ಮ ಸಂತೆಯಲ್ಲಿ ದನ ಮಾರುವವನಿಗೂ ಗೊತ್ತು. ಗಬ್ಬದ ಹಸುವನ್ನು ಮಾರಿದರೆ ಹೊಟ್ಟೆಯೊಳಗಿನ ಕರುವಿನ ಬೆಲೆಯೂ ಸೇರಿಯೇ ಬರುತ್ತದೆ. ಕರು ಹಾಕಲಿ ಎಂದು ಕಾದು, ಕರುವನ್ನು ಇಟ್ಟುಕೊಂಡು ಹಸುವನ್ನು ಮಾತ್ರ ಮಾರಿದರೆ, ಹಸುವಿನ ಬೆಲೆ ಅಷ್ಟು ಇಳಿದಿರುತ್ತದೆ. ಗಳಿಸಿದ್ದೇನು? ಬೆಲೆ ನೋಡಬಾರದು ಎಂಬ ಎರಡನೆಯ ವ್ರತ ಇತ್ತಲ್ಲ, ಅದರಿಂದ ದರ್ಜಿಗೆ ಮೂವತ್ತು ವರ್ಷ ಇದು ಕಾಣಲೇ ಇಲ್ಲ. ವರ್ಷಕ್ಕೆ ನಾಲ್ಕು ಸಲ ಅವನ ಕಣ್ಣೆದುರಿಗೇ ನಡೆದದ್ದು ಅವನಿಗೆ ಗೊತ್ತಾದದ್ದು ಹೆಣದ ಖರ್ಚಿಗೆ ಕೂತಾಗ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಅವನು ಈ ಮಠಕ್ಕೆ ಬಂದಿದ್ದ. ನೀನು ಕೂತಿದ್ದೀಯಲ್ಲ, ಆ ಕಂಬಕ್ಕೇ ಒರಗಿ ಕೂತಿದ್ದ. ಅವಳನ್ನು ಮಣ್ಣು ಮಾಡಿದ ಜಾಗದಿಂದ ಒಂದು ಹಿಡಿ ಮಣ್ಣು ತಂದಿದ್ದ, ಅವಳ ಊರಿನ ನೆಲಕ್ಕೆ ಸೇರಿಸಲು. ಅಳಲಿಲ್ಲ. ಒಂದು ಮಾತು ಕೇಳಿದ. "ಬುದ್ಧಿ, ಆ ಮುನ್ನೂರು ಪೌಂಡು ನಿಜವಾಗಿ ಸಿಗುವಂತಿದ್ದು ಅವಳು ಸತ್ತಿದ್ದರೆ, ನಾನು ದುಡ್ಡಿಗೆ ಹೆಂಡತಿಯನ್ನು ಮಾರಿದೆ ಎಂದಾದರೂ ನನ್ನನ್ನು ಬೈದುಕೊಳ್ಳುತ್ತಿದ್ದೆ. ಈಗ ಏನೆಂದು ಬೈದುಕೊಳ್ಳಲಿ?" ಎಂದ.

ನನಗೆ ಮೊದಲು ಸಿಟ್ಟು ಬಂತು. ಎದ್ದು ಎರಡು ಬಾರಿಸಬೇಕು ಅನ್ನಿಸಿತು. ಆಮೇಲೆ ಅವನ ಬೆರಳು ನೋಡಿದೆ. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳು ಸೊಟ್ಟಗಾಗಿತ್ತು. ಅಳು ಬಂತು.

ಸ್ವಾಮಿಗಳು ಮತ್ತೆ ಮೊರವನ್ನು ಎಳೆದುಕೊಂಡರು. ಒಂದು ಹುಣಸೆಹಣ್ಣು ಬಿಡಿಸಿದರು, ಇನ್ನೊಂದು ಬಿಡಿಸಿದರು. ಒಳಗೆ ಯಾರೋ ಪ್ರಸಾದದ ಪಾತ್ರೆ ತೊಳೆಯುತ್ತಿದ್ದರು. ಗುರುಮಲ್ಲ ಕಂಬದಿಂದ ಸ್ವಲ್ಪ ಸರಿದು ಕುಳಿತ. ಅವನ ಮನಸ್ಸು ಇನ್ನೂ ಫಲದ ಲೆಕ್ಕದಲ್ಲೇ ಇತ್ತು.

"ಬುದ್ಧಿ, ಒಂದು ಮಾತು. ಅಷ್ಟೆಲ್ಲ ಆದ ಮೇಲೆ ಆ ಡಿವಿಡೆಂಡು ಅವನ ಕೈಗೆ ಬಂತೇ?"

"ಬರದೆ ಏನು, ಹೇಳಿದ ದಿನಕ್ಕೆ ತಪ್ಪದೆ ಬಂತು, ನಿನ್ನ ಫಲವೂ ಹಾಗೆಯೇ ಬರುತ್ತದೆ, ಹೋಗಿ ಜಪಕ್ಕೆ ಕೂತುಕೋ."

ಗುರುಮಲ್ಲ ಎದ್ದು ನಿಂತ. ಅಕ್ಕನ ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.